ಎಡಗೈಯ ಅನುಭವ

ಅನುಭವವನ್ನು ಅಳೆಯುವ ಯಂತ್ರ ಬರುವ ತನಕ ಕಬಡ್ಡಿಯಲ್ಲಿ ಮೂವತ್ತು ದಾಟಿದವನು ಮುದುಕ. ಹರಾಜಿನ ಹೊತ್ತಿಗೆ ತಂಡದ ಮಾಲೀಕರು ಮೊದಲು ಹುಟ್ಟಿದ ವರ್ಷ ನೋಡುತ್ತಿದ್ದರು, ಆಮೇಲೆ ಮಂಡಿ ನೋಡುತ್ತಿದ್ದರು, ಕೊನೆಗೆ ಮನಸ್ಸಾದರೆ ಮುಖ. "ಅನುಭವ ಇದೆ ಸಾರ್" ಅಂದವನಿಗೆ "ಅನುಭವ ಇಟ್ಕೊಂಡು ಮನೇಲಿ ಮೊಮ್ಮಕ್ಕಳನ್ನ ಆಡ್ಸಿ" ಅಂತ ನಗುತ್ತಿದ್ದರು. ಅವರದೂ ತಪ್ಪಲ್ಲ ಬಿಡಿ. ವಯಸ್ಸು ಕಣ್ಣಿಗೆ ಕಾಣುತ್ತದೆ, ಅನುಭವ ಕಾಣುವುದಿಲ್ಲ. ಕಾಣದ ಸರಕಿಗೆ ಯಾರಾದರೂ ಯಾಕೆ ದುಡ್ಡು ಕೊಡುತ್ತಾರೆ?

ಯಂತ್ರ ಅದನ್ನು ಕಾಣಿಸಿತು. ರೈಡ್ ಮಾಡಲು ಬಂದವನು ಕಾಲು ಚಾಚುವುದಕ್ಕೆ ಮುಂಚೆ ಅವನ ತೊಡೆಯ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ತು ಓಡುತ್ತದೆ. ಅವನನ್ನು ಹಿಡಿಯಲು ನಿಂತ ಹೊಸ ಹುಡುಗನ ಮೈ ಆ ಕಾಲು ಕಂಡ ಮೇಲೆ ಎಚ್ಚರಗೊಳ್ಳುತ್ತದೆ. ಹಳಬನ ಮೈ ಕಾಣುವುದಕ್ಕೆ ಮೊದಲೇ ಸಿದ್ಧವಾಗಿರುತ್ತದೆ. ಎಷ್ಟು ಮೊದಲು ಸಿದ್ಧವಾಯಿತು, ಆ ತೀರ್ಮಾನ ಸರಿಹೋಯಿತೋ ಇಲ್ಲವೋ, ಇವೆರಡನ್ನೂ ಸೇರಿಸಿ ಯಂತ್ರ ಒಂದು ಅಂಕ ಕೊಡುತ್ತದೆ. ಅದಾದ ಮೇಲೆ ಲೀಗಿನವರು ಸಂಬಳವನ್ನು ಎರಡು ಪಾಲು ಮಾಡಿದರು: ಮೈಯದು ಒಂದು, ಅನುಭವದ್ದು ಒಂದು. ಮೊದಲನೆಯದು ವರ್ಷ ವರ್ಷ ಇಳಿಯುತ್ತದೆ. ಎರಡನೆಯದು ಏರಿ ಅದನ್ನು ತುಂಬಿಕೊಟ್ಟರೆ ಆಟಗಾರ ಉಳಿದ, ಇಲ್ಲವಾದರೆ ಮನೆಗೆ ನಡೆದ.

ನಮ್ಮ ಮಂಡ್ಯದ ತಂಡದಲ್ಲಿ ಆ ಯಂತ್ರ ನಡೆಸುವವಳು ನಾನು, ಕುಸುಮ. ಓದಿದ್ದು ಫಿಜಿಯೋಥೆರಪಿ. ಆಟಗಾರರು ಯಂತ್ರಕ್ಕೆ ತಕ್ಕಡಿ ಅನ್ನುತ್ತಾರೆ, ನನಗೆ ತಕ್ಕಡಿ ಮೇಡಂ. ಹರಾಜಿಗೆ ಮುಂಚೆ ಒಬ್ಬೊಬ್ಬರನ್ನೇ ಕರೆದು ಮೈಗೆಲ್ಲ ತೆಳ್ಳನೆಯ ಪಟ್ಟಿ ಅಂಟಿಸಿ ಮ್ಯಾಟಿನ ಮೇಲೆ ನಿಲ್ಲಿಸುತ್ತೇನೆ. ಎದುರಿಗೆ ಬೆಳಕಿನಲ್ಲಿ ಮಾಡಿದ ರೈಡರ್ ಬರುತ್ತಾನೆ. ನಾನು ಗಾಜಿನ ಆಚೆ ಕೂತು ಪರದೆ ನೋಡುತ್ತೇನೆ.

ನಾಗಮಂಗಲದ ಚೌಡಪ್ಪ ಅಂತ ಒಬ್ಬರಿದ್ದರು. ಹದಿನಾಲ್ಕು ಸೀಸನ್ ಆಡಿದವರು. ತೂಗಿದರೆ ಅನುಭವವೇ ಇಲ್ಲ, ನಿನ್ನೆ ಮೊನ್ನೆ ಬಂದ ಹುಡುಗನಿಗಿಂತ ಕಡಿಮೆ. ಮಾರನೆಯ ದಿನ ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಇನ್ನೊಂದ್ಸಲ ತೂಗವ್ವ, ನಿನ್ನೆ ಉಣ್ದೆ ಬಂದಿದ್ರು" ಅಂದಳು. ತೂಗಿದೆ. ಅದೇ ಅಂಕ. ಆ ಹದಿನಾಲ್ಕು ವರ್ಷ ಎಲ್ಲಿ ಹೋಯಿತು ಅಂತ ಅವಳು ಕೇಳಿದಳು.

ಕೆಂಪರಾಜಣ್ಣನದು ಇದಕ್ಕೆ ಉಲ್ಟಾ. ವಯಸ್ಸು ಮೂವತ್ತೇಳು. ಭುಜ ಒಂದು ಸಲ ಕಳಚಿ ಕೂರಿಸಿದ್ದು, ಮಂಡಿ ಎರಡು ಸಲ ಕುಯ್ದದ್ದು. ಮೈಯ ಸಂಬಳ ನೆಲ ಕಚ್ಚಿತ್ತು. ಆದರೆ ಅನುಭವದಲ್ಲಿ ಇಡೀ ಲೀಗಿಗೆ ಅವರದೇ ಮೊದಲ ಅಂಕ. ಹುಡುಗರು ಅವರ ಕಾಲು ಮುಟ್ಟಿ ನಮಸ್ಕಾರ ಮಾಡುವುದಕ್ಕೆ ಶುರುಮಾಡಿದ್ದರು, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ.

ಅವರು ನನ್ನ ಗಂಡ ಮಾದೇಶನ ಜೊತೆಗಾರ. ಕಬಡ್ಡಿಯಲ್ಲಿ ರೈಡರ್ ಒಳಗೆ ಬಂದಾಗ ಹಿಡಿಯುವ ಕಡೆಯವರು ಇಬ್ಬಿಬ್ಬರಾಗಿ ಕೈ ಕೈ ಹಿಡಿದು ನಿಲ್ಲುವುದನ್ನು ನೀವು ನೋಡಿರುತ್ತೀರಿ. ಎಡ ಕಾರ್ನರಿನಲ್ಲಿ ಮಾದೇಶ, ಅವನ ಪಕ್ಕದಲ್ಲಿ ಕೆಂಪರಾಜಣ್ಣ. ಮಾದೇಶನ ಬಲಗೈ ಅವರ ಎಡಗೈಯಲ್ಲಿ. ಬಾಯಿಬಿಟ್ಟು ಮಾತಾಡಿದರೆ ರೈಡರಿಗೆ ಗೊತ್ತಾಗುತ್ತದೆ, ಹಾಗಾಗಿ ಮಾತೆಲ್ಲ ಅಂಗೈಯಲ್ಲೇ. ಒಂದು ಸಲ ಅದುಮಿದರೆ ಹಿಡಿ. ಎರಡು ಸಲ ಅದುಮಿದರೆ ಬಿಡು, ಹೋಗಲಿ. ಅದುಮುವವನು ಮಾದೇಶ, ಕೇಳುವವರು ಇವರು. ಹನ್ನೊಂದು ಸೀಸನ್ ಹಾಗೇ ಆಡಿದರು.

ಮಾದೇಶ ಹೋಗಿ ಎರಡು ವರ್ಷವಾಯಿತು. ಪಾಂಡವಪುರದ ರಸ್ತೆಯಲ್ಲಿ ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕ್ ಹೊಡೆದ. ಅವನ ಜಾಗಕ್ಕೆ ಹೊಸ ಹುಡುಗ ಬಂದ. ಅವನು ಕೈ ಚಾಚಿದರೆ ಕೆಂಪರಾಜಣ್ಣ ಕೊಡಲಿಲ್ಲ. ಕೋಚ್ ಬೈದರೂ ಕೊಡಲಿಲ್ಲ. ಎಡಗೈಯನ್ನು ಖಾಲಿ ಚಾಚಿಕೊಂಡೇ ಆಡಿದರು, ಮತ್ತು ಮೊದಲಿಗಿಂತ ಚೆನ್ನಾಗಿ ಆಡಿದರು. ದುಃಖ ಒಬ್ಬೊಬ್ಬರಿಗೆ ಒಂದೊಂದು ಥರ ಅಂತ ಎಲ್ಲರೂ ಸುಮ್ಮನಾದರು.

ಈ ಸಲ ಯಂತ್ರದ ಕಂಪನಿಯವರು ಹಿಡಿತದ ಬಲವನ್ನೂ ನೋಡೋಣವೆಂದು ಅಂಗೈಗೂ ಪಟ್ಟಿ ಕಳಿಸಿದ್ದರು. ಅದನ್ನು ಅಂಟಿಸಿಕೊಂಡ ಮೊದಲಿಗರು ಕೆಂಪರಾಜಣ್ಣ. ಬೆಳಕಿನ ರೈಡರ್ ಬಂದ. ಪರದೆಯ ಮೇಲೆ ಅವರ ಕಾಲಿನ ಗೆರೆ ಏಳುವುದಕ್ಕೆ ಮುಂಚೆ ಎಡ ಅಂಗೈಯ ಗೆರೆ ಒಂದು ಸಲ ಎದ್ದು ಮಲಗಿತು. ಅವರು ಕೈ ಮಡಚಿದರೇನೋ ಅಂದುಕೊಂಡೆ. ಗಾಜಿನಿಂದ ನೋಡಿದರೆ ಬೆರಳುಗಳು ಚಾಚಿಕೊಂಡೇ ಇದ್ದವು. ಎರಡನೇ ರೈಡಿಗೂ ಹಾಗೇ ಆಯಿತು. ಮೂರನೆಯದಕ್ಕೆ ಎರಡು ಸಲ ಎದ್ದಿತು, ಕೆಂಪರಾಜಣ್ಣ ಜಾಗ ಬಿಟ್ಟು ಕದಲಲಿಲ್ಲ, ರೈಡರ್ ಬರಿಗೈಯಲ್ಲಿ ಹಿಂದಿರುಗಿದ.

ಅಂಗೈಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹೊರಗಿನಿಂದ ಅದುಮಿದ ಗುರುತು: ಒಂದು ಕಡೆಯಿಂದ ಹೆಬ್ಬೆರಳು, ಇನ್ನೊಂದು ಕಡೆಯಿಂದ ಮೂರು ಬೆರಳು. ನಾಲ್ಕಲ್ಲ, ಮೂರು. ಹಾಸನದ ಪಂದ್ಯವೊಂದರಲ್ಲಿ ಮುರಿದ ಮೇಲೆ ಮಾದೇಶನ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಕಾಫಿ ಲೋಟ ಹಿಡಿದರೂ ನೆಟ್ಟಗೆ ನಿಂತಿರುತ್ತಿತ್ತು, ನಾನು ಜಮೀನ್ದಾರ್ ಸಾಹೇಬರು ಅಂತ ರೇಗಿಸುತ್ತಿದ್ದೆ.

ಯಂತ್ರ ಆರಿಸಿ, ಹೊರಗೆ ಹೋಗಿ, ನಲ್ಲಿ ಬಿಟ್ಟು ಮುಖ ತೊಳೆದುಕೊಂಡೆ. ಹೆದರಿಕೆಯಾಯಿತು ಅಂತ ಹೇಳಿದರೆ ಪೂರ್ತಿ ನಿಜವಲ್ಲ. ಹೆದರಿಕೆಗಿಂತ ಮೊದಲು ಹೊಟ್ಟೆಕಿಚ್ಚಾಯಿತು.

ಭಾನುವಾರ ಹೊಸಹಳ್ಳಿ ಬಡಾವಣೆಯ ಅವರ ಮನೆಗೆ ಹೋದೆ. ಕೆಂಪರಾಜಣ್ಣನ ಹೆಂಡತಿ ಸವಿತ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ನೆಲದ ಮೇಲೆ ಸಾಲಾಗಿ ಕೂತೆವು. ಅಣ್ಣನ ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು, ಆ ಜಾಗದ ಚಾಪೆಯ ಮೇಲೆ ಅವರ ಎಡಗೈ ಅಂಗಾತ ಬಿದ್ದಿತ್ತು.

"ಬಸ್ಸಲ್ಲಿ ಕೂತ್ರೂ ಹಂಗೇ ಕಣಕ್ಕ" ಅಂದಳು ಸವಿತ ಸಾರು ಬಡಿಸುತ್ತ. "ಮಲಗಿದ್ರೂ ಹಂಗೇ. ನಾನು ಬಲಗಡೀಕೇ ಮಲಗ್ಬೇಕು. ಎಡಗಡೀಕೆ ಹೋದ್ರೆ ನಿದ್ದೇಲೇ ತಳ್ತಾರೆ."

ಅವಳು ಒಳಗೆ ಹೋದ ಮೇಲೆ ನಾನು ಸುತ್ತಿ ಬಳಸದೆ ಕೇಳಿದೆ. "ಅಣ್ಣ, ಆ ಕೈಯಲ್ಲಿ ಏನಾಗುತ್ತೆ ನಿಮಗೆ?"

ಅವರು ತುತ್ತು ನುಂಗಿ, ನೀರು ಕುಡಿದು, ಆಮೇಲೆ ಹೇಳಿದರು. "ನಿಂಗೆ ಇವತ್ತಲ್ಲ ನಾಳೆ ಗೊತ್ತಾಯ್ತದೆ ಅಂದ್ಕಂಡಿದ್ದೆ ಕುಸುಮವ್ವ. ಅವ್ನು ಹೋದ್ಮೇಲೆ ಮೊದಲ್ನೇ ಮ್ಯಾಚು. ರೈಡರ್ ಬಂದ, ನಂಗೆ ಏನೂ ತೋಚ್ಲಿಲ್ಲ, ಮರದಂಗೆ ನಿಂತಿದ್ದೆ. ಕೈ ಅದುಮ್ತು. ಹಿಡ್ದೆ. ಆಮೇಲಾಮೇಲೆ ಹೆದ್ರಿಕೆ ಬಿಟ್ಟೋಯ್ತು. ಮೊದ್ಲೂ ಅವ್ನು ಹೇಳ್ದಂಗೆ ಆಡ್ತಿದ್ದೆ, ಈಗ್ಲೂ ಆಡ್ತೀನಿ."

"ಹಾಗಾದರೆ ಈ ಅಂಕ?"

"ನಂದೇನಿದೆ ಅದ್ರಲ್ಲಿ. ಎಂಟನೇ ಕ್ಲಾಸ್ ಓದಿರೋನು ನಾನು, ಹೇಳಿದ್ದನ್ನ ಸರಿಯಾಗಿ ಕೇಳೋದು ಬಿಟ್ರೆ ಇನ್ನೇನೂ ಗೊತ್ತಿಲ್ಲ." ಮುದ್ದೆ ಮುರಿಯುತ್ತ ಕೇಳಿದರು, "ನಿನ್ ತಾವ್ಕೆ ಬರ್ತಾನಾ?"

"ಇಲ್ಲ" ಅಂದೆ. ಎರಡು ವರ್ಷ ಅವನ ದಿಂಬಿನ ಪಕ್ಕ ಕೈ ಇಟ್ಟು ಮಲಗಿದವಳು ನಾನು. ಒಂದು ದಿನವೂ ನನ್ನ ಕೈ ಅದುಮಲಿಲ್ಲ. ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಕಬಡ್ಡಿ ಆಡುವುದಕ್ಕೆ ಹೋಗುತ್ತಿದ್ದ. ಬದುಕಿದ್ದಾಗಲೂ ಅವನ ಬುದ್ಧಿ ಅದೇ.

ಆ ವಾರವೇ ಯಂತ್ರದ ಕಂಪನಿಯ ಎಂಜಿನಿಯರ್ ನಿರಂಜನ ಬಂದಿಳಿದ. ದೊಡ್ಡ ಅಂಕಗಳನ್ನೆಲ್ಲ ಖುದ್ದಾಗಿ ಪರೀಕ್ಷಿಸುವುದು ಅವನ ಕೆಲಸ. ಎಲ್ಲೋ ಉತ್ತರದ ತಂಡವೊಂದರಲ್ಲಿ ಆಟಗಾರರು ಚರ್ಮದ ಕೆಳಗೆ ಫೋನಿನಂತೆ ಅದುರುವ ಪುಟ್ಟ ಕಂಪಕ ಸೇರಿಸಿಕೊಂಡು ಹೊರಗಿನಿಂದ ಸುಳಿವು ಪಡೆದು ಸಿಕ್ಕಿಬಿದ್ದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ ಈಗ ಎಲ್ಲರ ಮೇಲೂ ಅನುಮಾನ. ಅಂಗೈಯ ಗೆರೆ ನೋಡಿದ ತಕ್ಷಣ ಅವನ ಮುಖ ಬದಲಾಯಿತು.

"ಯಾರೋ ಸುಳಿವು ಕೊಡ್ತಿದಾರೆ ಮೇಡಂ."

ಹೌದು, ನನ್ನ ಗಂಡ, ಅಂತ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಕೆಂಪರಾಜಣ್ಣನನ್ನು ಆಸ್ಪತ್ರೆಗೆ ಕರೆದೊಯ್ದು ಉಗುರಿನಿಂದ ಭುಜದ ತನಕ ಚಿತ್ರ ತೆಗೆಸಿದರು. ಭುಜ ಕೂರಿಸಿದಾಗ ಹಾಕಿದ ಹಳೆಯ ಮೊಳೆ ಒಂದು ಬಿಟ್ಟರೆ ಏನೂ ಸಿಗಲಿಲ್ಲ. ನಿರಂಜನ ಕೆಟ್ಟವನಲ್ಲ, ಲೆಕ್ಕ ಸರಿಬರದಿದ್ದರೆ ಊಟ ಸೇರದ ಜಾತಿಯವನು. ಯೋಚಿಸಿ ಒಂದು ದಾರಿ ಹೇಳಿದ. ಬೆಳಕಿನ ರೈಡರ್ ಬೇಡ, ಅವನ ನಡೆಗಳು ಮೊದಲೇ ಸೋರಿರಬಹುದು. ಜೀವಂತ ರೈಡರ್ ಬೇಕು, ಕೆಂಪರಾಜು ಈ ಜನ್ಮದಲ್ಲಿ ಎದುರಿಸದವರು. ಅಂಥವರ ನಡೆ ಯಾರಿಗೂ ಗೊತ್ತಿರುವುದಿಲ್ಲ, ಸುಳಿವೂ ಸಿಗುವುದಿಲ್ಲ. ಒಂದೇ ಒಂದು ರೈಡ್, ಇಬ್ಬರಲ್ಲಿ ಒಬ್ಬರು ಔಟಾಗಲೇಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಸರಿಯಾಗಿ ತೀರ್ಮಾನಿಸಿದರೆ ಅಂಕ ನಿಲ್ಲುತ್ತದೆ, ನಾನೇ ಸಹಿ ಹಾಕುತ್ತೇನೆ. ತಪ್ಪಿದರೆ ಮೋಸ ಅಂತ ಬರೆದು ಹರಾಜಿನಿಂದ ಹೆಸರು ತೆಗೆಯುತ್ತೇನೆ, ಅಂದ.

ಮೋಸಗಾರನೆಂದು ಹೆಸರು ಬಿದ್ದರೆ ಶಾಲೆಯ ಹುಡುಗರಿಗೆ ಕಬಡ್ಡಿ ಕಲಿಸುವ ಕೆಲಸವೂ ಸಿಗುವುದಿಲ್ಲ. ಆದರೆ ಹದಿನೈದು ವರ್ಷ ಆಡಿದವರು ಎದುರಿಸದ ರೈಡರ್ ಎಲ್ಲಿಂದ ತರುವುದು? ಹರಾಜು ಹತ್ತಿರ ಬಂದಿತ್ತು. ಕೋಚ್ ತಲೆ ಕೆರೆದುಕೊಳ್ಳುತ್ತಿದ್ದರು.

"ನಾನು ಬರ್ತೀನಿ" ಅಂದೆ.

ಮೈಸೂರು ವಿಶ್ವವಿದ್ಯಾಲಯಕ್ಕೆ ನಾನು ಮೂರು ವರ್ಷ ರೈಡರ್. ಮದುವೆಯಾದ ಮೇಲೆ ಬಿಟ್ಟೆ. ಕೆಂಪರಾಜಣ್ಣ ನನ್ನ ಆಟ ನೋಡಿಯೇ ಇರಲಿಲ್ಲ. ನೋಡಿದ್ದವನು ಮಾದೇಶ ಒಬ್ಬನೇ. ಬೆಳಗಿನ ಹೊತ್ತು ತಾರಸಿಯ ಮೇಲೆ ಹಳೇ ಹಾಸಿಗೆ ಹಾಕಿ ಇಬ್ಬರೂ ಅಭ್ಯಾಸ ಮಾಡುತ್ತಿದ್ದೆವು. ನನ್ನದೊಂದು ವರಸೆ ಇತ್ತು, ಯಾರಿಗೂ ತೋರಿಸದೆ ನಾನೇ ಕಟ್ಟಿಕೊಂಡದ್ದು. ಉಸಿರು ಮುಗಿದವಳಂತೆ ಕಬಡ್ಡಿ ಕಬಡ್ಡಿ ಅನ್ನುವ ಧ್ವನಿ ಇಳಿಸುವುದು, ಸೋತವಳಂತೆ ನಡುಗೆರೆಯ ಕಡೆ ತಿರುಗುವುದು, ಹಿಡಿಯಲು ಮುನ್ನುಗ್ಗಿದವನನ್ನು ಹಿಮ್ಮಡಿಯಿಂದ ಒದ್ದು ಓಡುವುದು. ಮಾದೇಶ ಅದಕ್ಕೆ ಕತ್ತೆ ಒದೆ ಅಂತ ಹೆಸರಿಟ್ಟಿದ್ದ. ಆದರೆ ಅವನ ಮೇಲೆ ಅದು ಒಂದು ಸಲವೂ ನಡೆಯಲಿಲ್ಲ. ಕಾಲು ಹಿಂದಕ್ಕೆ ಬರುವುದನ್ನೇ ಕಾದು ಕಣಕಾಲು ಹಿಡಿದುಬಿಡುತ್ತಿದ್ದ. ಬಿಡು ಅಂದರೂ ಬಿಡುತ್ತಿರಲಿಲ್ಲ. ನಗುತ್ತ ಇಬ್ಬರೂ ಬೀಳುತ್ತಿದ್ದೆವು.

ಪರೀಕ್ಷೆಯ ಹಿಂದಿನ ಸಂಜೆ ಸವಿತ ಮನೆಗೆ ಬಂದಳು. ಚೀಲದಲ್ಲಿ ನುಗ್ಗೇಸೊಪ್ಪು ತಂದಿದ್ದಳು. ಅದನ್ನು ಬಿಡಿಸುತ್ತ ಕೂತಳು.

"ಅಕ್ಕ, ಒಂದು ಕೇಳ್ಲಾ? ಕಷ್ಟದ್ದೇನೂ ಮಾಡ್ಬ್ಯಾಡ. ಎಲ್ಲಾರೂ ಮಾಡ್ತಾರಲ್ಲ, ಅಂಥದ್ದೊಂದು ಸಾದಾ ರೈಡ್ ಮಾಡ್ಬುಡು. ಕಣ್ಣಲ್ಲಿ ನೋಡ್ಕಂಡೇ ಹಿಡ್ದುಬುಡ್ತಾರೆ ಇವ್ರು."

"ಆಯ್ತು ಸವಿತ" ಅಂದೆ.

"ಈ ಒಂದು ಸೀಸನ್ ಸಿಕ್ರೆ ಸಾಕು. ಅದಿಲ್ದಿದ್ರೆ ಇವ್ರು ಏನ್ ಮಾಡ್ತಾರೆ ಹೇಳು. ಕೈ ಚಾಚ್ಕಂಡು ಗೋಡೆ ನೋಡ್ಕಂಡು ಕೂತಿರ್ತಾರೆ."

ಅವಳು ಹೋದ ಮೇಲೆ ಸೊಪ್ಪನ್ನು ಹಾಗೇ ಮುಚ್ಚಿಟ್ಟೆ. ಸಾದಾ ರೈಡ್ ಮಾಡುವುದು ಸುಲಭ. ಆದರೆ ಕೆಂಪರಾಜಣ್ಣ ಅದನ್ನು ಹಿಡಿದರೆ ಹಿಡಿದದ್ದು ಯಾರು ಅಂತ ನನಗೆ ಎಂದೂ ಗೊತ್ತಾಗುವುದಿಲ್ಲ. ಜೊತೆಗಾರನನ್ನು ಕಳೆದುಕೊಂಡ ಕೈ ತನ್ನಷ್ಟಕ್ಕೆ ತಾನೇ ಕಟ್ಟಿಕೊಂಡ ಭ್ರಮೆಯೂ ಇರಬಹುದು, ಕಾಲು ಕತ್ತರಿಸಿದವರಿಗೆ ಇಲ್ಲದ ಪಾದ ತುರಿಸುವುದನ್ನು ನಾನೇ ಎಷ್ಟು ಸಲ ನೋಡಿಲ್ಲ. ನನ್ನ ವರಸೆಯಾದರೆ ಕೆಂಪರಾಜಣ್ಣನಿಗೆ ಗೊತ್ತೇ ಇಲ್ಲ. ಅದನ್ನು ಊಹಿಸಬಲ್ಲ ಕೈ ಈ ಲೋಕದಲ್ಲಿ ಒಂದೇ. ಅದು ಅಲ್ಲಿದ್ದರೆ ಅಣ್ಣ ಗೆಲ್ಲುತ್ತಾರೆ, ಇಲ್ಲದಿದ್ದರೆ ಅವರ ಬದುಕು ನನ್ನ ಹಿಮ್ಮಡಿಯಿಂದಲೇ ಮುಗಿಯುತ್ತದೆ. ಸವಿತಳಿಗೆ ಆಯ್ತು ಅಂದವಳು ನಾನೇ. ಆದರೂ ನನಗೆ ಗೊತ್ತಾಗಲೇಬೇಕಿತ್ತು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪರೀಕ್ಷೆ. ನಿರಂಜನ ಗಾಜಿನ ಆಚೆ ಕೂತಿದ್ದ, ಅವನ ತಲೆಯ ಮೇಲಿನ ದೊಡ್ಡ ಪರದೆಯಲ್ಲಿ ಕೆಂಪರಾಜಣ್ಣನ ಮೈಯ ಗೆರೆಗಳು. ಅವರು ಚಡ್ಡಿ ಒಂದರಲ್ಲಿ ಎಡ ಕಾರ್ನರಿನಲ್ಲಿ, ಮಾದೇಶನ ಜಾಗದಲ್ಲಿ ನಿಂತಿದ್ದರು. ಎಡಗೈ ಚಾಚಿತ್ತು. ನಾನು ಟ್ರ್ಯಾಕ್ ಪ್ಯಾಂಟಿನ ಕಾಲು ಮಡಚಿ, ನಡುಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಉಸಿರೆಳೆದು ಒಳಗೆ ಹೋದೆ.

ಕಬಡ್ಡಿ ಕಬಡ್ಡಿ ಕಬಡ್ಡಿ. ಎಷ್ಟು ವರ್ಷದ ಮೇಲೆ ಆ ಮಾತು ನನ್ನ ಬಾಯಲ್ಲಿ. ಎಡಕ್ಕೆ ಹೋದೆ, ಬಲಕ್ಕೆ ಬಂದೆ. ಕೆಂಪರಾಜಣ್ಣನ ಕಣ್ಣು ನನ್ನ ಸೊಂಟದ ಮೇಲಿತ್ತು, ಹಳೇ ಆಟಗಾರರು ನೋಡುವುದು ಅಲ್ಲೇ. ಸಾಕಷ್ಟು ಹತ್ತಿರ ಬಂದ ಮೇಲೆ ಧ್ವನಿ ಇಳಿಸಿದೆ. ಅವರ ಹಿಮ್ಮಡಿ ಮೇಲೆದ್ದಿತು. ನಾನು ಸೋತವಳಂತೆ ತಿರುಗಿದೆ, ಒದೆಯುವ ಕಾಲು ಸಿದ್ಧವಾಗಿತ್ತು.

ತಿರುಗಿದಾಗ ಎದುರಿಗೆ ಗಾಜು, ಅದರ ಆಚೆ ಪರದೆ. ಅಂಗೈಯ ಗೆರೆ ಎದ್ದು ಮಲಗಿತು. ಹೆಬ್ಬೆರಳು, ಮೂರು ಬೆರಳು. ಹಿಡಿ. ನೀನೇ, ನೀನೇ ಅಂತ ಒಳಗೆ ಕೂಗಿಕೊಂಡೆ. ಅಷ್ಟರಲ್ಲಿ ಗೆರೆ ಇನ್ನೊಂದು ಸಲ ಎದ್ದಿತು.

ಎರಡು ಸಲ. ಬಿಡು, ಹೋಗಲಿ.

ಕೆಂಪರಾಜಣ್ಣನ ಕಾಲಿನ ಗೆರೆಗಳು ಒಟ್ಟಿಗೆ ಸಪ್ಪಗಾದವು. ಬೆನ್ನ ಹಿಂದೆ ಅವರು ನೆಟ್ಟಗೆ ನಿಂತದ್ದು ನನಗೆ ತಿಳಿಯಿತು. ಹಿಡಿದರೆ ಒಂದು ಸೀಸನ್, ಹೆಸರು, ಮರ್ಯಾದೆ ಎಲ್ಲ ಅವರ ಕೈಯಲ್ಲಿತ್ತು. ಆದರೂ ಅವರು ಬಿಡು ಅಂದದ್ದನ್ನು ಕೇಳಿ ಬಿಟ್ಟುನಿಂತರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬದುಕಿದ್ದಾಗ ಒಂದು ಸಲವೂ ನನ್ನನ್ನು ಬಿಟ್ಟವನಲ್ಲ. ಬಿಡು ಬಿಡು ಅಂತ ಕಿರುಚಿದರೂ ಬಿಡದೆ ನಗುತ್ತಿದ್ದವನು. ಎರಡು ವರ್ಷದ ಮೇಲೆ ಇಷ್ಟು ಹತ್ತಿರ ಬಂದಿದ್ದೇನೆ, ಈಗ ಹೋಗಲಿ ಅನ್ನುತ್ತಾನೆ.

ಒದ್ದರೆ ಕೆಂಪರಾಜಣ್ಣ ಔಟ್, ಅವರ ತೀರ್ಮಾನ ತಪ್ಪು. ಮುಟ್ಟದೆ ಗೆರೆ ದಾಟಿದರೆ ರೈಡೇ ಲೆಕ್ಕಕ್ಕಿಲ್ಲ, ಮತ್ತೆ ಎದುರಿಸದ ರೈಡರ್ ಸಿಗುವುದಿಲ್ಲ. ಅವರಿಗೆ ಉಳಿದದ್ದು ಒಂದೇ ದಾರಿ, ನನಗೂ ಅದೇ: ಗೆರೆ ದಾಟದೆ ಇಲ್ಲೇ ನನ್ನ ಉಸಿರು ಮುಗಿಯಬೇಕು. ನಾನು ಕಾಲು ಇಳಿಸಿ ನಿಂತಲ್ಲೇ ನಿಂತೆ. ಕಬಡ್ಡಿ ಕಬಡ್ಡಿ ಅನ್ನುತ್ತಲೇ ಇದ್ದೆ. ಗೆರೆ ಕಣ್ಣೆದುರಿಗೇ ಇತ್ತು, ಒಂದು ನೆಗೆತ ಸಾಕಿತ್ತು.

ಪರದೆಯ ಮೇಲೆ ಮತ್ತೆ ಎರಡು ಸಲ. ಮತ್ತೆ ಎರಡು ಸಲ. ಬರಬರುತ್ತ ಜೋರಾಗಿ. ನಾನು ತಲೆ ಅಲ್ಲಾಡಿಸಿದೆ. ಇಪ್ಪತ್ತರಲ್ಲಿ ಇದ್ದ ಉಸಿರು ಮೂವತ್ತೈದಕ್ಕೆ ಇರುವುದಿಲ್ಲ. ಕಣ್ಣು ಕತ್ತಲಿಟ್ಟಿತು, ಮಾತು ತೊದಲಿತು, ಮಂಡಿ ಕುಸಿಯಿತು. ಕಬ ಅಂತ ಒಂದು ಸಲ ಅಂದೆ, ಮುಂದಿನದು ಬಾಯಿಂದ ಬರಲಿಲ್ಲ.

"ರೈಡರ್ ಔಟ್" ಅಂತ ನಿರಂಜನನ ಧ್ವನಿ ಮೈಕಿನಲ್ಲಿ ಕೇಳಿಸಿತು. ಆಮೇಲೆ ಅವನು ಗಾಜಿನ ಬಾಗಿಲು ತೆರೆದು ಓಡಿಬಂದ, ಮುಖ ಅರಳಿತ್ತು. ಇದುವರೆಗೆ ಯಂತ್ರ ಕೊಟ್ಟದ್ದರಲ್ಲೇ ದೊಡ್ಡ ಅಂಕ ಅಂದ. "ನೀವಾಗೇ ಬೀಳ್ತೀರಿ ಅಂತ ಇವರಿಗೆ ಮೊದಲೇ ಗೊತ್ತಾಗಿತ್ತು ಮೇಡಂ. ಸುಮ್ನೆ ಮೈ ಸವೆಸಲಿಲ್ಲ. ಅನುಭವ ಅಂದ್ರೆ ಇದೇ ನೋಡಿ. ನಾನು ಸಹಿ ಹಾಕ್ತೀನಿ." ಹಾಗೆನ್ನುತ್ತ ಕೋಚಿಗೆ ಫೋನ್ ಮಾಡುವುದಕ್ಕೆ ಹೊರಗೆ ಹೋದ.

ನಾನು ಮ್ಯಾಟಿನ ಮೇಲೆ ಕೂತು ಉಸಿರು ಹುಡುಕುತ್ತಿದ್ದೆ. ಕೆಂಪರಾಜಣ್ಣ ನನ್ನ ಕಡೆ ನೋಡಲಿಲ್ಲ, ಅಂಕ ಎಷ್ಟು ಅಂತಲೂ ಕೇಳಲಿಲ್ಲ. ಬಲಕ್ಕೆ ಒಂದು ಹೆಜ್ಜೆ ಸರಿದು ನಿಂತರು.

"ಯಾಕಣ್ಣ ಸರಿದ್ರಿ?"

"ಎದ್ರಾಳಿ ಔಟಾದ್ರೆ ನಮ್ಮೋರಲ್ಲಿ ಔಟಾಗಿರೋನೊಬ್ಬ ಒಳೀಕ್ ಬರ್ಬೇಕಲ್ವ, ಕುಸುಮವ್ವ" ಅಂದರು. "ಅವ್ನ ಜಾಗ ಅವ್ನಿಗೆ ಬಿಡ್ಬೇಕು."

ಎಡಗೈ ಚಾಚಿಯೇ ಇತ್ತು. ಅದರ ಆಚೆ ಕಾರ್ನರಿನಲ್ಲಿ ಒಬ್ಬರು ನಿಲ್ಲುವಷ್ಟು ಮ್ಯಾಟು ಖಾಲಿ ಬಿದ್ದಿತ್ತು. ಎದ್ದು ಹೋಗಿ ಆ ಕೈ ಹಿಡಿಯಬೇಕು ಅನ್ನಿಸಿತು, ಮೈಯೆಲ್ಲ ಅದನ್ನೇ ಬೇಡುತ್ತಿತ್ತು. ಉಸಿರು ಸಿಕ್ಕಿದ ಮೇಲೂ ನಾನು ಏಳಲಿಲ್ಲ. ನಾನು ಹೋಗಿ ನಿಂತರೆ ಆ ಜಾಗ ತುಂಬಿಹೋಗುತ್ತಿತ್ತು.